ಮಾದಕ ವಸ್ತುವಿನ ಸುದ್ದಿಯೂ ನಮ್ಮ ಮಕ್ಕಳೂ

(ಅಲ್ಲಾಳಸಂದ್ರದಲ್ಲಿ ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹೊಸದೊಂದು ಮಾದಕ ವಸ್ತು ಊರಿಗೆ ಕಾಲಿಟ್ಟಿತೆಂದರೆ ಸುದ್ದಿ ಮಾರುವವರಿಗೆ ಸುಗ್ಗಿ. 2020ರ ಸೆಪ್ಟೆಂಬರ್ 4ರಂದು ನಮ್ಮ ಪಕ್ಕದ ಯಲಹಂಕದಲ್ಲಿ ಪೊಲೀಸರು ಚಿತ್ರನಟಿ ರಾಗಿಣಿ ದ್ವಿವೇದಿಯವರ ಮನೆಯನ್ನು ಶೋಧಿಸಿ, ಅವರನ್ನು ಬಂಧಿಸಿದರು. ಕೊರೋನಾದ ಹೊಡೆತಕ್ಕೆ ಕೂಲಿ ತಪ್ಪಿ, ವ್ಯಾಪಾರ ಕುಸಿದು ಜನ ಕಂಗಾಲಾಗಿದ್ದ ಕಾಲವದು. ಟಿ.ವಿ.ಯಲ್ಲಿ ಮಾತ್ರ ದಿನಗಟ್ಟಲೆ ನಟಿಯರ ಉಡುಪು, ಪಾರ್ಟಿ, ಹಳೆಯ ಹಾಡಿನ ತುಣುಕುಗಳು! ವಿಚಾರಣೆಗೆ ಮುಂಚೆಯೇ ತೀರ್ಪು ಹೊರಬಿದ್ದಿತ್ತು.

ಆಮೇಲೆ ಏನಾಯಿತು? 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಡುವ ಹೊತ್ತಿಗೆ ಅವರು ನಾಲ್ಕು ತಿಂಗಳಿಗೂ ಮೀರಿ ಸೆರೆಮನೆಯಲ್ಲಿದ್ದರು. 2025ರ ಜನವರಿಯಲ್ಲಿ ಹೈಕೋರ್ಟು ಅವರ ಮೇಲಿನ ಮೊಕದ್ದಮೆಯನ್ನೇ ರದ್ದುಮಾಡಿತು. ಬಂಧನವನ್ನು ಡಂಗುರ ಹೊಡೆದು ಸಾರಿದವರು ಇದನ್ನೂ ಹಾಗೆಯೇ ಸಾರಿದರೇ? ನೀವೇ ಹೇಳಿ.

ನಟಿಗೆ ದೆಹಲಿಯವರೆಗೆ ಹೋಗುವ ಶಕ್ತಿಯಿತ್ತು. ಗಾಂಜಾ ಪೊಟ್ಟಣದೊಡನೆ ಸಿಕ್ಕಿಬಿದ್ದ ಕೂಲಿಯವನ ಮಗನಿಗೆ ಏನಿದೆ? ಒಮ್ಮೆ ಅವನ ಮುಖ ಪರದೆಯ ಮೇಲೆ ಬಂದರೆ ಕೆಲಸ ಹೋಯಿತು, ಮನೆಯವರ ಮಾನ ಹೋಯಿತು. ಇದನ್ನು ನೋಡಿದ ನೆರೆಮನೆಯ ತಾಯಿ ತನ್ನ ಮಗನ ಚಟವನ್ನು ಮುಚ್ಚಿಡುತ್ತಾಳೆ. ರೋಗ ಬಲಿಯುತ್ತದೆ.

1981ರಲ್ಲಿ ಇದೇ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಬಡವರು. ಅವರನ್ನು ಕೊಂದದ್ದು ಬರೀ ಕುಡಿತವಲ್ಲ. ಲಾಭಕ್ಕಾಗಿ ವಿಷ ಬೆರೆಸಿದ ವ್ಯಾಪಾರ. ಇಂದಿನ ಎಂಡಿಎಂಎ ಗುಳಿಗೆಯ ಹಿಂದೆಯೂ ಬಂಡವಾಳವಿದೆ, ಸಾಗಾಣಿಕೆಯಿದೆ, ಲಾಭವಿದೆ. ಸುದ್ದಿಯಲ್ಲಿ ಕಾಣುವುದು ಸೇದಿದವನ ಮುಖ. ಗಂಟು ಕಟ್ಟಿದವನ ಮುಖವಲ್ಲ.

ಮಾದಕ ವಸ್ತು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದು ದುಡಿಯುವವನ ಮೈಯನ್ನೂ ಮನೆಯನ್ನೂ ಹಾಳುಮಾಡುತ್ತದೆ. ಆದರೆ ಮಾರುವವನು ಬೇರೆ, ಚಟಕ್ಕೆ ಬಿದ್ದವನು ಬೇರೆ. ಈ ಭೇದವನ್ನು ಕಾನೂನೇ ಒಪ್ಪಿದೆ. ಸೇವನೆಗಾಗಲಿ, ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕಾಗಲಿ ಆರೋಪಕ್ಕೊಳಗಾದ ವ್ಯಸನಿ, ತಾನಾಗಿ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಬಹುದೆಂದು 1985ರ ಕಾಯಿದೆಯ 64ಎ ವಿಧಿ ಹೇಳುತ್ತದೆ. ಆದರೆ ಆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು. ವ್ಯಸನದ ಚಿಕಿತ್ಸೆಗೆಂದೇ ನಮ್ಮ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವಿಭಾಗವಿದೆ. ಎಷ್ಟು ಸುದ್ದಿಗಳಲ್ಲಿ ಈ ಎರಡು ಮಾತು ಕೇಳಿದ್ದೀರಿ?

ಆದುದರಿಂದ ಮಿತ್ರರೇ, ಇನ್ನು ಮುಂದೆ ಇಂಥ ಸುದ್ದಿ ಬಂದಾಗ ಕೇಳಿ: ಮಾಲು ಯಾರದು? ಲಾಭ ಯಾರಿಗೆ? ಆರೋಪ ರುಜುವಾಯಿತೇ? ನಿಮ್ಮ ಬೀದಿಯ ಹುಡುಗ ಚಟಕ್ಕೆ ಬಿದ್ದಿದ್ದರೆ ಅವನನ್ನು ಆಡಿಕೊಳ್ಳಬೇಡಿ. ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.