ದ್ವೀಪಕ್ಕೆ ಹೊರಡುವ ಮುನ್ನ

ದ್ವೀಪರಾಷ್ಟ್ರವೊಂದು ರಾತ್ರಿ ಬೆಳಗಾಗುವುದರೊಳಗೆ ಬದಲಾಗಬಲ್ಲದೆಂಬುದು ಒಮಾನ್ ನೆಲಕ್ಕೆ ಹೊಸತಲ್ಲ. ಸ್ವತಂತ್ರವಾಗಿ ತಿಂಗಳಷ್ಟೇ ಕಳೆದಿದ್ದ ಜಂಜಿಬಾರಿನಲ್ಲಿ 1964ರ ಜನವರಿ 12ರಂದು ಒಮಾನಿ ಮೂಲದ ಸುಲ್ತಾನರ ಆಳ್ವಿಕೆ ಉರುಳಿತು. ಪಾರಾದ ಅನೇಕ ಕುಟುಂಬಗಳು 1970ರ ನಂತರ ಮಸ್ಕತ್ತಿನಲ್ಲಿ ನೆಲೆಸಿದವು.

ಕನ್ನಡಿಗರಿಗೆ ಆ ಪಾಠ ಕೊಲಂಬೊದಲ್ಲಿ ದೊರೆಯಿತು. 2019ರ ಏಪ್ರಿಲ್ 18ರ ಮತದಾನ ಮುಗಿಸಿ ವಿಶ್ರಾಂತಿಗೆಂದು ತೆರಳಿದ್ದ ಕರ್ನಾಟಕದ ಜೆಡಿಎಸ್ ಕಾರ್ಯಕರ್ತರಲ್ಲಿ ಹಲವರು 21ರ ಈಸ್ಟರ್ ಭಾನುವಾರ ಹೋಟೆಲ್ ಸ್ಫೋಟದಲ್ಲಿ ಮಡಿದರು. ಭಾರತದ ಗುಪ್ತಚರ ಎಚ್ಚರಿಕೆ ಮೊದಲೇ ಲಂಕೆಯನ್ನು ತಲುಪಿತ್ತು. ಆದರೆ ಅಧ್ಯಕ್ಷ ಸಿರಿಸೇನರೊಡನೆ ವೈಮನಸ್ಯವಿದ್ದ ಪ್ರಧಾನಿ ವಿಕ್ರಮಸಿಂಘೆ, ತಮಗದನ್ನು ತಿಳಿಸಿರಲಿಲ್ಲವೆಂದರು. ಬೀದಿ ಶಾಂತವಾಗಿತ್ತು, ಆಡಳಿತ ಒಡೆದಿತ್ತು.

ಅಂದೇ ಕರ್ಫ್ಯೂ ಬಂತು, ವಾಟ್ಸ್‌ಆ್ಯಪ್ ಸ್ಥಗಿತವಾಯಿತು. ಆದುದರಿಂದ ಮಸ್ಕತ್ತಿನಿಂದ ಹೊರಡುವವರು ಕಡಲತೀರದ ಚಿತ್ರಗಳೊಡನೆ ಆ ದೇಶದ ರಾಜಕೀಯ ಸುದ್ದಿಯನ್ನೂ ಓದಬೇಕು. ಅಲ್ಲಿನ ಭಾರತೀಯ ದೂತಾವಾಸದ ದೂರವಾಣಿ ಸಂಖ್ಯೆ ಕಾಗದದ ಮೇಲಿರಲಿ, ಪಾಸ್‌ಪೋರ್ಟಿನ ಪ್ರತಿ, ತಂಗುವ ಸ್ಥಳದ ವಿವರ ಇಲ್ಲಿನ ಮಿತ್ರರೊಬ್ಬರ ಬಳಿಯಿರಲಿ, ಕೈಯಲ್ಲಿಷ್ಟು ನಗದಿರಲಿ.

ಅಂದು ಸತ್ತ 250ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಸ್ಥಳೀಯರೇ. ಅವರಿಗೆ ಮರಳಿಹೋಗಲು ಬೇರೆ ದೇಶವಿರಲಿಲ್ಲ. ಸುರಕ್ಷಿತವಾಗಿ ಹಿಂದಿರುಗಿದ ಪ್ರವಾಸಿ ಆ ನಾಡಿನ ಸುದ್ದಿ ಓದುವುದನ್ನು ನಿಲ್ಲಿಸಬಾರದು.