ಹೊಸ ಡೈ ಮೂಲೆ ಸೇರಿದ್ದೇಕೆ?

(ಸಣ್ಣ ಕೈಗಾರಿಕೆಗಳ ಮಾಲೀಕರೂ ಕೆಲಸಗಾರರ ಪ್ರತಿನಿಧಿಗಳೂ ಒಟ್ಟಾಗಿ ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಭಾಂಗಣದಲ್ಲಿ ಒಂದು ಬದಿಗೆ ಮಾಲೀಕರು, ಇನ್ನೊಂದು ಬದಿಗೆ ಕೆಲಸಗಾರರು ಕುಳಿತಿದ್ದೀರಿ. ಹೀಗೆ ಕೂರಬೇಕೆಂದು ಯಾರೂ ಹೇಳಿದ್ದಲ್ಲ, ತಾನಾಗಿಯೇ ಹಾಗಾಯಿತು. ನನ್ನ ಇಂದಿನ ಮಾತು ನಿಮ್ಮಿಬ್ಬರ ನಡುವೆ ಇರುವ ಈ ಓಡಾಡುವ ದಾರಿಗೆ ಸಂಬಂಧಪಟ್ಟದ್ದು. ಹೊಸ ಯಂತ್ರ, ಹೊಸ ವಿಧಾನ, ಹೊಸ ಲೆಕ್ಕ ಯಾವುದೇ ಬರಲಿ, ಅದು ದಾಟಬೇಕಾದದ್ದು ಈ ದಾರಿಯನ್ನು. ಅನೇಕ ಸಲ ಅದು ದಾಟುವುದಿಲ್ಲ.

ನಮ್ಮಂಥ ದೇಶಗಳ ಉದ್ದಿಮೆಗಳು ಹೊಸ ತಂತ್ರಜ್ಞಾನವನ್ನು ಬೇಗ ಒಪ್ಪಿಕೊಳ್ಳುವುದಿಲ್ಲ ಎಂಬುದು ಹಳೆಯ ದೂರು. ಅದಕ್ಕೆ ಕೊಡುವ ಕಾರಣಗಳೂ ನಮಗೆ ಬಾಯಿಪಾಠವಾಗಿವೆ. ಬಂಡವಾಳವಿಲ್ಲ, ಕರೆಂಟಿಲ್ಲ, ಓದು ಬರಹವಿಲ್ಲ, ಹಳೆಯದನ್ನು ಬಿಡಲು ಮನಸ್ಸಿಲ್ಲ. ಈ ಕಾರಣಗಳಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಇವು ಯಾವುವೂ ಅಡ್ಡ ಬರದ ಕಡೆಯಲ್ಲೂ ಹೊಸತು ಮೂಲೆ ಸೇರಿದರೆ? ಅಂಥ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ.

ಪಾಕಿಸ್ತಾನದ ಪಂಜಾಬಿನಲ್ಲಿ ಸಿಯಾಲ್‌ಕೋಟ್ ಎಂಬ ಊರಿದೆ. ಪ್ರಪಂಚದ ಮೈದಾನಗಳಲ್ಲಿ ಒದೆ ತಿನ್ನುವ ಫುಟ್‌ಬಾಲುಗಳ ದೊಡ್ಡ ಪಾಲು ಅಲ್ಲಿ ತಯಾರಾಗುತ್ತದೆ. ನಾವೆಲ್ಲ ಕಂಡಿರುವ ಸಾಮಾನ್ಯ ಚೆಂಡನ್ನು ನೆನಪಿಸಿಕೊಳ್ಳಿ. ಅದರಲ್ಲಿ 32 ತುಂಡುಗಳಿರುತ್ತವೆ. 20 ತುಂಡುಗಳಿಗೆ ಆರು ಮೂಲೆ, 12 ತುಂಡುಗಳಿಗೆ ಐದು ಮೂಲೆ. ರೆಕ್ಸಿನ್ ಹಾಳೆಗೆ ಬಟ್ಟೆಯ ಪದರಗಳನ್ನು ಅಂಟಿಸಿ, ಅದರ ಮೇಲೆ ಉಕ್ಕಿನ ಡೈ ಇಟ್ಟು, ಪ್ರೆಸ್ಸಿನಲ್ಲಿ ಒತ್ತಿ ಈ ತುಂಡುಗಳನ್ನು ಕತ್ತರಿಸುತ್ತಾರೆ. ಆಮೇಲೆ ಮುದ್ರಣ, ಆಮೇಲೆ ಹೊಲಿಗೆ.

ಆರು ಮೂಲೆಯ ತುಂಡುಗಳನ್ನು ಕತ್ತರಿಸುವಾಗ ರೆಕ್ಸಿನ್ ಹೆಚ್ಚು ಹಾಳಾಗುವುದಿಲ್ಲ. ಅವು ಜೇನುಗೂಡಿನ ಕೋಣೆಗಳಂತೆ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಒಂದು ಮೂಲೆಯ ಕೋನ 120 ಡಿಗ್ರಿ. ಮೂರು ಸೇರಿದರೆ 360, ಸುತ್ತು ಪೂರ್ತಿ. ಐದು ಮೂಲೆಯ ತುಂಡಿನ ಕಥೆ ಬೇರೆ. ಅದರ ಕೋನ 108 ಡಿಗ್ರಿ. ಮೂರು ಸೇರಿದರೆ 324 ಆಗಿ 36 ಡಿಗ್ರಿಯ ಸಂದು ಉಳಿಯುತ್ತದೆ. ನಾಲ್ಕನೆಯದು ಅದರಲ್ಲಿ ಹಿಡಿಯುವುದಿಲ್ಲ. ಎಷ್ಟೇ ಜಾಣತನದಿಂದ ಜೋಡಿಸಿದರೂ ಹಾಳೆಯಲ್ಲಿ ನೂರಕ್ಕೆ ಸುಮಾರು 8 ಪಾಲು ಜಾಗ ವ್ಯರ್ಥವಾಗಿಯೇ ತೀರುತ್ತದೆ. ಇದು ಗಣಿತ ಹಾಕಿದ ಗೆರೆ. ಸಿಯಾಲ್‌ಕೋಟಿನಲ್ಲಿ ವ್ಯರ್ಥವಾಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಲಾಹೋರಿನ ಮತ್ತು ಅಮೆರಿಕದ ಕೆಲವು ಅರ್ಥಶಾಸ್ತ್ರಜ್ಞರು ಸೇರಿ ಇದಕ್ಕೊಂದು ಉಪಾಯ ಮಾಡಿದರು. ಐದು ಮೂಲೆಯ ನಾಲ್ಕು ತುಂಡುಗಳನ್ನು ಆದಷ್ಟು ಕಡಿಮೆ ಸಂದು ಉಳಿಯುವ ಹಾಗೆ ಹೊಂದಿಸಿ ಒಂದು ಹೊಸ ಡೈ ಮಾಡಿಸಿದರು. ಪ್ರೆಸ್ಸು ಹಳೆಯದೇ, ಕೆಲಸಗಾರ ಹಳಬನೇ, ಡೈಗೆ ತಗಲುವ ಖರ್ಚೂ ಅಲ್ಪ. ಒಟ್ಟು ವೆಚ್ಚದಲ್ಲಿ ಉಳಿತಾಯ ನೂರಕ್ಕೆ ಸುಮಾರು ಒಂದು. 'ಒಂದೇ ತಾನೆ' ಎನ್ನಬೇಡಿ. ಆ ಉದ್ದಿಮೆಯಲ್ಲಿ ಲಾಭ ಸಿಗುವುದೇ ನೂರಕ್ಕೆ ಸರಾಸರಿ ಎಂಟು. 2012ರಲ್ಲಿ ಈ ಡೈಯನ್ನು 35 ಕಾರ್ಖಾನೆಗಳಿಗೆ ಉಚಿತವಾಗಿ ಕೊಟ್ಟು, ಬಳಸುವ ಬಗೆಯನ್ನೂ ತೋರಿಸಿಕೊಟ್ಟರು.

ಹದಿನೈದು ತಿಂಗಳು ಕಳೆದ ಮೇಲೆ ಹೋಗಿ ನೋಡಿದರೆ ಬೆರಳೆಣಿಕೆಯ ಕಾರ್ಖಾನೆಗಳಲ್ಲಿ ಮಾತ್ರ ಅದು ಬಳಕೆಯಲ್ಲಿತ್ತು. ಉಳಿದ ಕಡೆಗಳಲ್ಲಿ ಮೂಲೆ ಸೇರಿತ್ತು. ಬಂಡವಾಳ ಬೇಕಿರಲಿಲ್ಲ, ಕರೆಂಟು ಹೆಚ್ಚು ಬೇಕಿರಲಿಲ್ಲ, ಇಂಗ್ಲಿಷ್ ಓದಬೇಕಾದ ಪುಸ್ತಕವೂ ಇರಲಿಲ್ಲ. ಹಾಗಿದ್ದರೆ ತಡೆ ಎಲ್ಲಿತ್ತು?

ಕೂಲಿಯ ಲೆಕ್ಕದಲ್ಲಿತ್ತು. ಅಲ್ಲಿನ ಬಹುತೇಕ ಕಾರ್ಖಾನೆಗಳಲ್ಲಿ ಕತ್ತರಿಸುವವನಿಗೆ ಪೀಸ್ ಲೆಕ್ಕದ ಕೂಲಿ. ಎಷ್ಟು ತುಂಡು ಕತ್ತರಿಸಿದನೋ ಅಷ್ಟು ಕಾಸು. ಹೊಸ ಡೈ ಕೈಗೆ ಹೊಂದುವ ತನಕ ಕೆಲಸ ನಿಧಾನವಾಗುತ್ತದೆ, ಕೂಲಿ ಕಡಿಮೆಯಾಗುತ್ತದೆ. ಉಳಿದ ರೆಕ್ಸಿನ್ನಿನ ಲಾಭ ಮಾಲೀಕನ ಪೆಟ್ಟಿಗೆಗೆ ಹೋಗುತ್ತದೆ. ಉಳಿತಾಯ ಒಬ್ಬನದು, ನಷ್ಟ ಇನ್ನೊಬ್ಬನದು. ಹೀಗಿರುವಾಗ ಕತ್ತರಿಸುವವನು ಮಾಲೀಕನ ಬಳಿ ಹೋಗಿ ಏನು ಹೇಳುತ್ತಾನೆ? 'ಸಾಹೇಬರೇ, ಈ ಡೈ ಸರಿಯಿಲ್ಲ' ಎನ್ನುತ್ತಾನೆ. ಮಾಲೀಕ ತಾನೇ ಪ್ರೆಸ್ಸಿನ ಮುಂದೆ ಕೂತವನಲ್ಲ. ಪರಿಣತನ ಮಾತನ್ನು ನಂಬುತ್ತಾನೆ. ಡೈ ಮೂಲೆ ಸೇರುತ್ತದೆ.

ಕುತೂಹಲದ ಸಂಗತಿಯೊಂದಿದೆ. ಈ ಡೈಯನ್ನು ಎಲ್ಲರಿಗಿಂತ ಹೆಚ್ಚಾಗಿ ಬಳಸಿದ್ದು ಉಚಿತ ಡೈ ಸಿಗದೇ ಇದ್ದ ಒಂದು ದೊಡ್ಡ ಕಾರ್ಖಾನೆ. ಸುದ್ದಿ ಕೇಳಿ ಸ್ವಂತ ದುಡ್ಡಿನಲ್ಲಿ ಮಾಡಿಸಿಕೊಂಡಿತು. ಅಲ್ಲಿ ಕತ್ತರಿಸುವವರಿಗೆ ತಿಂಗಳ ಸಂಬಳ ಖಾತ್ರಿಯಿತ್ತು. ನಾಲ್ಕು ದಿನ ಕೈ ನಿಧಾನವಾದರೆ ಮನೆಯ ಒಲೆಗೆ ತೊಂದರೆಯಿರಲಿಲ್ಲ.

ಮುಂದೆ 2013ರಲ್ಲಿ ಅದೇ ವಿದ್ವಾಂಸರು ಇನ್ನೊಂದು ಪ್ರಯೋಗ ಮಾಡಿದರು. ಕೆಲವು ಕಾರ್ಖಾನೆಗಳಲ್ಲಿ ಒಬ್ಬ ಕತ್ತರಿಸುವವನಿಗೂ ಒಬ್ಬ ಮುದ್ರಿಸುವವನಿಗೂ ಒಂದು ಮಾತು ಕೊಟ್ಟರು. ಒಂದು ತಿಂಗಳೊಳಗೆ ಹೊಸ ಡೈಯಲ್ಲಿ ಕೆಲಸ ಮಾಡುವುದನ್ನು ಮಾಲೀಕರ ಎದುರಿಗೆ ಮಾಡಿ ತೋರಿಸಿದರೆ, ಹೆಚ್ಚುಕಡಿಮೆ ಒಂದು ತಿಂಗಳ ಸಂಪಾದನೆಯಷ್ಟು ಹಣ ಬಹುಮಾನ. ಅಷ್ಟೇ. ಡೈ ಬಳಸುವ ಕಾರ್ಖಾನೆಗಳ ಸಂಖ್ಯೆ ಗಮನಾರ್ಹವಾಗಿ ಏರಿತು. ಕೊಟ್ಟ ಹಣ ಕಾರ್ಖಾನೆಗಾಗುವ ಉಳಿತಾಯದ ಮುಂದೆ ಏನೂ ಅಲ್ಲ. ಅದನ್ನು ಮಾಲೀಕರೇ ಕೊಡಬಹುದಿತ್ತು. ಕೊಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಕೂಲಿಯ ವಾಡಿಕೆಯನ್ನು ಮುಟ್ಟುವುದಕ್ಕೂ ಹಿಂಜರಿಕೆಯಿತ್ತು.

ಇದನ್ನು ಓದಿದಾಗ ನನಗೆ ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿ ನೆನಪಾಯಿತು. ಅಲ್ಲಿಗೆ ಮೊದಲ ಕಂಪ್ಯೂಟರ್ ಬಂದ ದಿನ ಪೂಜೆ ಮಾಡಿ, ಕುಂಕುಮ ಹಚ್ಚಿ, ತಣ್ಣನೆಯ ಕೋಣೆಯಲ್ಲಿ ಕೂರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆರು ತಿಂಗಳಾದರೂ ಲೆಕ್ಕಪತ್ರ ಅದರೊಳಗೆ ಹೋಗಲಿಲ್ಲ. ನಮ್ಮಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಯಾವ ಬಾಬತ್ತು ಯಾವ ಲೆಡ್ಜರಿನ ಎಷ್ಟನೇ ಪುಟದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವರು. ಕಂಪ್ಯೂಟರಿಗೆ ಬೇಕಾದ ವಿವರ ಕೇಳಿದಾಗಲೆಲ್ಲ 'ನಾಳೆ ಕೊಡ್ತೀನಿ ಸ್ವಾಮಿ' ಎನ್ನುತ್ತಿದ್ದರು. ನಾವೆಲ್ಲ ಅವರನ್ನು ಹಳೇ ಕಾಲದವರು ಎಂದು ನಕ್ಕೆವು. ಮೂವತ್ತು ವರ್ಷ ದುಡಿದು ಗಳಿಸಿದ ಮರ್ಯಾದೆಯನ್ನು ಒಂದು ಪೆಟ್ಟಿಗೆಯೊಳಗೆ ಸುರಿದುಬಿಡಿ ಎಂದು ನಾವು ಕೇಳುತ್ತಿದ್ದೇವೆ ಎಂಬುದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಆಮೇಲೆ ಏನು ಮಾಡುತ್ತೀರಿ ಎಂದು ಅವರನ್ನು ಯಾರೂ ಕೇಳಲೂ ಇಲ್ಲ.

ಇಷ್ಟು ಹೇಳಿದ್ದಕ್ಕೆ ಈ ಬದಿಯವರು ತಲೆಯಾಡಿಸುತ್ತಿದ್ದೀರಿ. ತಪ್ಪೆಲ್ಲ ಕೆಲಸಗಾರನದು ಎಂದು ನಾನು ಹೇಳಲಿಲ್ಲ, ತಪ್ಪೆಲ್ಲ ಕೂಲಿಯ ಲೆಕ್ಕದ್ದು ಎಂದೂ ಹೇಳುವುದಿಲ್ಲ. ಮಾಲೀಕರಿಗೆ ತಮ್ಮ ನಷ್ಟವೇ ಕಾಣದಿರುವ ಸಂದರ್ಭವೂ ಉಂಟು. ಅದಕ್ಕೆ ಎರಡನೆಯ ಪ್ರಸಂಗ.

ಮುಂಬಯಿಯ ಹತ್ತಿರ ತಾರಾಪುರ, ಉಮರ್ಗಾಂವ್ ಎಂಬ ಕಡೆಗಳಲ್ಲಿ ಬಟ್ಟೆ ನೇಯುವ ಕಾರ್ಖಾನೆಗಳಿವೆ. 2008ರಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 17 ಸಂಸ್ಥೆಗಳನ್ನು ಆರಿಸಿಕೊಂಡು ಒಂದು ಪ್ರಯೋಗ ಆರಂಭಿಸಿದರು. ಇವು ಸಣ್ಣ ಅಂಗಡಿಗಳಲ್ಲ, ಸರಾಸರಿ 270 ಜನ ದುಡಿಯುವ ಸಂಸ್ಥೆಗಳು. ಆದರೂ ಒಳಗೆ ಕಂಡದ್ದೇನು? ನೂಲಿನ ದಾಸ್ತಾನು ಗುರುತು ಚೀಟಿಯಿಲ್ಲದೆ ರಾಶಿ ಬಿದ್ದಿತ್ತು. ಇದ್ದ ನೂಲೇ ಸಿಗದೆ ಮತ್ತೆ ಖರೀದಿ. ಮಗ್ಗಗಳಿಗೆ ಕೆಟ್ಟು ನಿಂತ ಮೇಲೆಯೇ ರಿಪೇರಿ. ಬಟ್ಟೆಯ ದೋಷಗಳನ್ನು ಕೊನೆಯಲ್ಲಿ ಒಂದು ದೊಡ್ಡ ಪಡೆ ಕೂತು ಸರಿಪಡಿಸುತ್ತಿತ್ತು, ದೋಷ ಯಾವ ಮಗ್ಗದಲ್ಲಿ ಹುಟ್ಟಿತೆಂದು ಬರೆದಿಡುವವರು ಇರಲಿಲ್ಲ.

ಸಲಹೆಗಾರರು ಐದು ತಿಂಗಳು ಅಲ್ಲೇ ಇದ್ದು 38 ಸರಳ ಅಭ್ಯಾಸಗಳನ್ನು ಮುಂದಿಟ್ಟರು. ದಿನವೂ ದೋಷಗಳನ್ನು ಬರೆಯುವುದು, ಬೆಳಿಗ್ಗೆ ಎಲ್ಲರೂ ನಿಂತು ಅದನ್ನು ಚರ್ಚಿಸುವುದು, ದಾಸ್ತಾನಿಗೆ ಚೀಟಿ ಅಂಟಿಸುವುದು, ಮಗ್ಗಕ್ಕೆ ವೇಳಾಪಟ್ಟಿಯಂತೆ ಎಣ್ಣೆ ಹಾಕಿ ಸ್ವಚ್ಛ ಮಾಡುವುದು, ಇಂಥವು. ಒಂದು ವರ್ಷದೊಳಗೆ ಉತ್ಪಾದಕತೆ ನೂರಕ್ಕೆ 17ರಷ್ಟು ಹೆಚ್ಚಿತು. ದೋಷಗಳು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಇಳಿದವು. ಇದನ್ನು ಮೊದಲೇ ಏಕೆ ಮಾಡಲಿಲ್ಲ ಎಂದರೆ ಬಂದ ಉತ್ತರ ತೀರಾ ಮನುಷ್ಯಸಹಜವಾದದ್ದು: 'ಹೇಗೂ ಲಾಭ ಬರುತ್ತಿತ್ತಲ್ಲ!' ಬರೆದಿಡದ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಸಂಗತಿಯೂ ಅಲ್ಲಿ ಹೊರಬಿತ್ತು. ಸಂಸ್ಥೆ ಎಷ್ಟು ದೊಡ್ಡದಾಗಿ ಬೆಳೆಯಿತು ಎಂಬುದು ಎಷ್ಟು ಚೆನ್ನಾಗಿ ನಡೆಯಿತು ಎಂಬುದಕ್ಕಿಂತ ಮನೆಯಲ್ಲಿ ಎಷ್ಟು ಗಂಡುಮಕ್ಕಳಿದ್ದಾರೆ ಎಂಬುದನ್ನು ಅವಲಂಬಿಸಿತ್ತು. ಹೊರಗಿನ ಮ್ಯಾನೇಜರನ ಕೈಗೆ ಬೀಗದ ಕೈ ಕೊಡಲು ಧೈರ್ಯವಿಲ್ಲ. ಅಣ್ಣತಮ್ಮಂದಿರ ಸಂಖ್ಯೆ ಮುಗಿದಲ್ಲಿಗೆ ಬೆಳವಣಿಗೆಯೂ ಮುಗಿಯಿತು. ಮನೆಯ ಹೆಣ್ಣುಮಕ್ಕಳು ಆ ಲೆಕ್ಕದಲ್ಲಿ ಬರಲೇ ಇಲ್ಲ ಎಂಬುದನ್ನೂ ಗಮನಿಸಿ.

ಸುಮಾರು ಒಂಬತ್ತು ವರ್ಷಗಳ ನಂತರ ಮತ್ತೆ ಹೋಗಿ ನೋಡಿದರೆ ಕಲಿಸಿದ ಅಭ್ಯಾಸಗಳಲ್ಲಿ ಅರ್ಧದಷ್ಟು ಬಿಟ್ಟುಹೋಗಿದ್ದವು. ಮ್ಯಾನೇಜರ್ ಬದಲಾದಾಗ, ಮಾಲೀಕರಿಗೆ ಬಿಡುವಿಲ್ಲದಾದಾಗ, ಅಭ್ಯಾಸವೂ ಹೋಯಿತು. ಉಳಿದ ಅರ್ಧದಿಂದಲೇ ಅವು ಇತರರಿಗಿಂತ ಮುಂದಿದ್ದವು ಎಂಬುದು ಸಮಾಧಾನ. ಹೊಸತನ್ನು ತರುವುದು ಒಂದು ಕೆಲಸ, ಉಳಿಸಿಕೊಳ್ಳುವುದು ಇನ್ನೊಂದು.

ಹಾಗಾದರೆ ನಮ್ಮಲ್ಲಿ ಯಾವುದೂ ಸರಿಯಾಗಿ ನಡೆದೇ ಇಲ್ಲವೇ? ನಡೆದಿದೆ, ಮತ್ತು ಅದು ನಮ್ಮ ಮನೆ ಬಾಗಿಲಿಗೆ ದಿನವೂ ಬೆಳಗಾಗುವ ಮುನ್ನ ಬರುತ್ತದೆ.

ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ಆನಂದದಲ್ಲಿ ಸಹಕಾರ ಸಂಘ ಕಟ್ಟಿದರು. ವರ್ಗೀಸ್ ಕುರಿಯನ್ 1949ರಲ್ಲಿ ಆ ಊರಿಗೆ ಬಂದರು. ಚಳಿಗಾಲದಲ್ಲಿ ಹಾಲು ತುಂಬಿ ತುಳುಕುತ್ತಿತ್ತು, ಬೇಸಿಗೆಯಲ್ಲಿ ಕೊರತೆ. ಹೆಚ್ಚಿದ ಹಾಲನ್ನು ಪುಡಿ ಮಾಡಿಟ್ಟುಕೊಳ್ಳದೆ ದಾರಿಯಿರಲಿಲ್ಲ. ಅಲ್ಲಿದ್ದದ್ದು ಎಮ್ಮೆ ಹಾಲು. ಅದರ ಜಿಡ್ಡಿನಿಂದಾಗಿ ಪುಡಿ ಮಾಡಲಾಗದು ಎಂದು ಹಸುವಿನ ಹಾಲು ಮಾತ್ರ ಕಂಡಿದ್ದ ಹೊರದೇಶಗಳ ತಜ್ಞರು ಹೇಳುತ್ತಿದ್ದರು. ಎಚ್. ಎಂ. ದಲಾಯಾ ಎಂಬ ಡೇರಿ ತಂತ್ರಜ್ಞರು ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಆನಂದದ ಹೊಸ ಡೇರಿಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು.

ಪುಡಿಯ ಯಂತ್ರದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಳ್ಳಿಯ ಡೇರಿಯ ಕಟ್ಟೆಯ ಮೇಲೆ ನಡೆಯುವ ವ್ಯವಹಾರ. ಹೆಂಗಸೊಬ್ಬಳು ಚೊಂಬಿನಲ್ಲಿ ಎರಡು ಲೀಟರ್ ಹಾಲು ತರುತ್ತಾಳೆ. ಅವಳ ಕಣ್ಣೆದುರಿಗೇ ಅಳತೆ, ಅವಳ ಹಾಲಿನಿಂದಲೇ ಫ್ಯಾಟ್ ಪರೀಕ್ಷೆಗೆ ಮಾದರಿ, ಅವಳ ಪುಸ್ತಕದಲ್ಲೇ ಬರಹ. ನೀರು ಬೆರೆಸಿದರೆ ನಷ್ಟ ಅವಳದು, ಹಿಂಡಿ ಚೆನ್ನಾಗಿ ಹಾಕಿದರೆ ಲಾಭವೂ ಅವಳದು. ಸಂಘದಲ್ಲಿ ಹತ್ತು ಎಮ್ಮೆಯವನಿಗೂ ಒಂದೇ ಓಟು, ಒಂದು ಎಮ್ಮೆಯವಳಿಗೂ ಒಂದೇ ಓಟು. ಸಿಯಾಲ್‌ಕೋಟಿನಲ್ಲಿ ಉಳಿತಾಯ ಒಬ್ಬನದು, ನಷ್ಟ ಇನ್ನೊಬ್ಬನದು ಎಂದೆನಲ್ಲ, ಇಲ್ಲಿ ಎರಡೂ ಒಬ್ಬಳ ಲೆಕ್ಕದಲ್ಲೇ ಬೀಳುತ್ತವೆ. ತಾರಾಪುರದಲ್ಲಿ ಯಾರೂ ಬರೆಯದೇ ಇದ್ದದ್ದನ್ನು ಇಲ್ಲಿ ದಿನಕ್ಕೆರಡು ಸಲ ಬರೆಯುತ್ತಾರೆ. ಆದ್ದರಿಂದಲೇ ಕೃತಕ ಗರ್ಭಧಾರಣೆ, ಪಶು ಆಹಾರ, ಲಸಿಕೆಯಂಥ ಹೊಸ ಸಂಗತಿಗಳು ಆ ಕಟ್ಟೆಯ ಮೂಲಕ ಹಳ್ಳಿಯನ್ನು ಹೊಕ್ಕವು.

ಇದೇ ಮಾದರಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಕರ್ನಾಟಕಕ್ಕೆ ಬಂತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ನಂದಿನಿ ಹಾಲಿನ ಪೊಟ್ಟಣ ಕತ್ತರಿಸದ ಮನೆ ನಮ್ಮಲ್ಲಿ ಅಪರೂಪ. ಡೇರಿಗಳಲ್ಲಿ ರಾಜಕೀಯವಿಲ್ಲ, ತೂಕದಲ್ಲಿ ಮೋಸ ನಡೆದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಮೋಸವಾದರೆ ಅದು ಕಾಣುವಂಥ ಏರ್ಪಾಡು ಅದು. ಹಾಲು ಹಾಕುವವರು ಕಟ್ಟೆಯ ಮೇಲೆ ಜಗಳ ತೆಗೆಯಬಲ್ಲರು.

ಬೀಡಿ ಕಟ್ಟುವವರಿಗೆ ಸಾವಿರಕ್ಕಿಷ್ಟು, ಸೀರೆ ನೇಯುವವರಿಗೆ ಸೀರೆಗಿಷ್ಟು ಎಂದು ಕೂಲಿ ಕೊಡುವ ನಾಡು ನಮ್ಮದು. ಪೀಸ್ ಲೆಕ್ಕವೇ ಕೆಟ್ಟದ್ದೆಂದು ನಾನು ವಾದಿಸುತ್ತಿಲ್ಲ. ಅದರಲ್ಲಿ ಚುರುಕಾದ ಕೈಗೆ ಬೆಲೆಯಿದೆ. ಆದರೆ ಕಲಿಯುವ ಕಾಲಕ್ಕೆ ಬೆಲೆಯಿಲ್ಲ. ಕಲಿಯುವ ಹೊತ್ತಿನ ಕೂಲಿಯನ್ನು ಯಾರು ಭರಿಸಬೇಕು ಎಂಬುದನ್ನು ಯಂತ್ರ ಬರುವ ಮೊದಲೇ ತೀರ್ಮಾನಿಸದಿದ್ದರೆ, ಯಂತ್ರಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಮಾಲೀಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಹೊಸ ಯಂತ್ರದ ಕೊಟೇಷನ್ ನೋಡುವಾಗ ಅದರ ಕೆಳಗೆ ನಿಮ್ಮ ಕೈಯಿಂದಲೇ ಇನ್ನೊಂದು ಸಾಲು ಬರೆಯಿರಿ: ಇದನ್ನು ನಡೆಸುವವರಿಗೆ ಮೊದಲ ಮೂರು ತಿಂಗಳಲ್ಲಿ ಎಷ್ಟು ಕಡಿಮೆಯಾಗುತ್ತದೆ, ಅದನ್ನು ನಾನು ಹೇಗೆ ತುಂಬಿಕೊಡುತ್ತೇನೆ? ಕೆಲಸಗಾರರಲ್ಲೂ ಒಂದು ಮಾತು. 'ಡೈ ಸರಿಯಿಲ್ಲ' ಎನ್ನುವ ಬದಲು 'ಡೈ ಸರಿಯಿದೆ, ಆದರೆ ನನ್ನ ಕೂಲಿ ಕಡಿಮೆಯಾಗುತ್ತದೆ' ಎಂದು ಹೇಳಿ ನೋಡಿ. ಹಾಗೆ ಹೇಳುವುದು ಸುಲಭವಲ್ಲ, ಗೊತ್ತು. ಅದನ್ನು ಕೇಳಿಸಿಕೊಳ್ಳುವವರು ಎದುರಿಗಿದ್ದಾರೆ ಎಂಬ ನಂಬಿಕೆ ಮೊದಲು ಬರಬೇಕು.

ಇನ್ನು ಕಾಫಿಯ ವೇಳೆ. ದಯವಿಟ್ಟು ಎರಡೂ ಬದಿಯವರು ಒಂದೇ ಮೇಜಿನ ಹತ್ತಿರ ಬನ್ನಿ.