ಗುಮ್ಮಟಕ್ಕೆ ದಾರಿಬಿಟ್ಟ ಗೋಪುರ

ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಗುಮ್ಮಟ ಕಾಣಿಸುತ್ತದೆ. 1666ರ ಬೆಂಕಿಗೆ ಹಳೆಯ ಚರ್ಚು ಆಹುತಿಯಾದ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿಸಿದ್ದು. ಅದಕ್ಕೆ ಯಾವ ಕಟ್ಟಡವೂ ಅಡ್ಡ ಬರಬಾರದೆಂಬ ಕಟ್ಟುಪಾಡು 1930ರ ದಶಕದಿಂದಲೂ ಇದೆ. ಹೀಗಿರುವಾಗ ಅದರಾಚೆ 225 ಮೀಟರ್ ಎತ್ತರದ ಕಚೇರಿ ಕಟ್ಟಡ ಎಬ್ಬಿಸುವುದು ಹೇಗೆ?

ರಿಚರ್ಡ್ ರೋಜರ್ಸ್ ಅವರ ವಾಸ್ತುಶಿಲ್ಪ ಸಂಸ್ಥೆ ದಕ್ಷಿಣದ ಮುಖವನ್ನೇ ಓರೆ ಮಾಡಿತು. ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ 75 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. 2014ರಲ್ಲಿ ಸಿದ್ಧವಾದ ಈ ಲೆಡನ್‌ಹಾಲ್ ಬಿಲ್ಡಿಂಗಿಗೆ ಊರಿನವರು ಇಟ್ಟ ಹೆಸರು ‘ಚೀಸ್ ತುರಿಮಣೆ’. ಬಾಡಿಗೆ ಚೆನ್ನಾಗಿ ಹುಟ್ಟುವುದು ಮೇಲಿನ ಅಂತಸ್ತುಗಳಿಗೆ. ಇಲ್ಲಿ ಅವೇ ಎಲ್ಲಕ್ಕಿಂತ ಕಿರಿದು. ಮಾಲೀಕರು ಇದಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ.

ಓರೆಯ ನಿಜವಾದ ತಲೆನೋವು ಎಂಜಿನಿಯರುಗಳದು. ಎತ್ತರದ ಕಟ್ಟಡಗಳಲ್ಲಿ ಸಾಮಾನ್ಯವಾಗಿ ನಡುವೆ ಕಾಂಕ್ರೀಟಿನ ದಪ್ಪ ಕಂಬದಂಥ ಭಾಗವೊಂದಿರುತ್ತದೆ. ಲಿಫ್ಟು, ಮೆಟ್ಟಿಲು ಅದರೊಳಗೆ. ಗಾಳಿಯ ಒತ್ತಡ ತಡೆಯುವುದೂ ಅದೇ. ಮೇಲೇರಿದಂತೆ ಕಿರಿದಾಗುವ ಕಟ್ಟಡಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ಲಿಫ್ಟುಗಳನ್ನೆಲ್ಲ ಉತ್ತರದ ಪ್ರತ್ಯೇಕ ಗೋಪುರಕ್ಕೆ ಕಳಿಸಿ, ಗಾಳಿ ತಡೆಯುವ ಕೆಲಸವನ್ನು ಹೊರಸುತ್ತಿನ ಉಕ್ಕಿನ ಚೌಕಟ್ಟಿಗೆ ವಹಿಸಿದರು. ಏಳೇಳು ಅಂತಸ್ತಿಗೊಂದರಂತೆ, 28 ಮೀಟರ್ ಎತ್ತರದ ಹಂತಗಳಲ್ಲಿ ಅದರ ಓರೆ ತೊಲೆಗಳು ಹೆಣೆದುಕೊಂಡಿವೆ.

ಆದರೂ ಭಾರ ಒಂದೇ ಪಕ್ಕಕ್ಕೆ. ಅಂತಸ್ತು ಏರಿದಷ್ಟೂ ಇಡೀ ಚೌಕಟ್ಟು ಉತ್ತರಕ್ಕೆ ವಾಲುತ್ತದೆಂದು ಅರೂಪ್ ಸಂಸ್ಥೆಯ ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕಿದ್ದರು. ಕೆಲವು ಓರೆ ತೊಲೆಗಳ ಕೀಲುಗಳಲ್ಲಿ ಉಕ್ಕಿನ ಬಿಲ್ಲೆಗಳನ್ನು ತುಂಬಿಟ್ಟಿದ್ದರು. ಕಟ್ಟಡ ಏರುತ್ತಿದ್ದಂತೆ ಬಿಲ್ಲೆ ತೆಗೆದು, ಜಾಕ್ ಹಾಕಿ ಬಿಗಿದರೆ ತೊಲೆ ಕೊಂಚ ಗಿಡ್ಡವಾಗಿ ಚೌಕಟ್ಟನ್ನು ಮತ್ತೆ ನೆಟ್ಟಗೆ ಎಳೆಯುತ್ತದೆ. ನನ್ನ ಮಟ್ಟಿಗೆ ಈ ಕಟ್ಟಡದ ಅತಿ ಚೆಂದದ ಭಾಗ ಇದೇ, ನೋಡುವವರ ಕಣ್ಣಿಗೆ ಬೀಳದಿದ್ದರೂ.

ಇಕ್ಕಟ್ಟಿನ ಬೀದಿಗಳಲ್ಲಿ ಸಾಮಾನು ರಾಶಿ ಹಾಕಲು ಜಾಗವಿರಲಿಲ್ಲ. ಬಹುಪಾಲು ಭಾಗಗಳನ್ನು ಕಾರ್ಖಾನೆಗಳಲ್ಲೇ ಮಾಡಿ ತಂದು ಜೋಡಿಸಿದರು. ಬುಡದಲ್ಲಿ ಏಳು ಅಂತಸ್ತಿನಷ್ಟು ಎತ್ತರದ ಜಾಗವನ್ನು ದಾರಿಹೋಕರಿಗೆ ಬಿಟ್ಟುಕೊಟ್ಟರು.

ಎಲ್ಲವೂ ಸುಸೂತ್ರ ಎನ್ನುವಷ್ಟರಲ್ಲಿ, 2014ರ ನವೆಂಬರಿನಲ್ಲಿ ಚೌಕಟ್ಟಿನ ಎರಡು ದೊಡ್ಡ ಬೋಲ್ಟುಗಳು ತುಂಡಾದವು, ಜನವರಿಯಲ್ಲಿ ಮೂರನೆಯದು. ಉಕ್ಕಿನೊಳಗೆ ಸೇರಿದ್ದ ಹೈಡ್ರೋಜನ್ ಅದನ್ನು ಪೆಡಸಾಗಿಸಿತ್ತು. ಕಟ್ಟಡಕ್ಕೆ ಅಪಾಯವಿಲ್ಲವೆಂದು ತಜ್ಞರು ಹೇಳಿದರೂ, ಮುಂಜಾಗ್ರತೆಗೆಂದು ಹಲವು ಬೋಲ್ಟುಗಳನ್ನು ಬದಲಿಸಿಯೇ ತೀರಿದರು.